ಗೋಡೆಯಾಚೆಯ ಅರಿಸಿನ ಚೆರ್ರಿ

ಏಪ್ರಿಲ್ ನಡುವಿನ ಒಂದು ಭಾನುವಾರ ಬೆಳಿಗ್ಗೆ ಕಿನು ಅತ್ತೆಯ ಫೋನು ಬಂತು. ಸವಾಕೊ ಆಗ ಅಡುಗೆಮನೆಯಲ್ಲಿ ನಿಂತಿದ್ದಳು. ಬಿಸಿ ಅನ್ನದ ಮೇಲೆ ಹಸಿಮೊಟ್ಟೆ ಒಡೆದು ಹಾಕಿ, ಕಲೆಸುವುದನ್ನು ಮರೆತು, ಹಳದಿ ಭಾಗ ಅನ್ನದೊಳಕ್ಕೆ ಮೆಲ್ಲಗೆ ಇಳಿಯುವುದನ್ನು ನೋಡುತ್ತಿದ್ದಳು.

"ಏನೇ, ಎದ್ದಿದೀಯಾ?"

"ಎದ್ದಿದೀನಿ ಅತ್ತೆ."

"ಹಾಗಾದ್ರೆ ಹೊರಡು. ಸೊಮೇಯ್ ಯೊಶಿನೊ ಚೆರ್ರಿ ಹೂವೆಲ್ಲಾ ಉದುರಿ ಚರಂಡಿ ಸೇರಿತಂತೆ. ಕೆಳಗೆ ಚಾಪೆ ಹಾಸ್ಕೊಂಡು ಕುಡಿಯೋ ಗಲಾಟೆ ಮುಗೀತು. ಇನ್ನು ನಮ್ಮ ಮರಗಳ ಸರದಿ."

"ನಾನು ಬರ್ಬೇಕಾ?"

"ಮತ್ತಿನ್ಯಾರು? ನನ್ನ ಕಣ್ಣು ಜನವರಿಯಲ್ಲೇ ಹೋಯ್ತು. ನಿನ್ನ ಕಣ್ಣು ನೆಟ್ಟಗಿದೆಯಲ್ಲ."

ಜನವರಿಯಲ್ಲಿ ಹೋದದ್ದು ಸವಾಕೊಳ ಗಂಡ ಯಸುಹಿಸ. ಕಿನು ಅವನ ತಂದೆಯ ಅಕ್ಕ. ಮದುವೆಯಾಗದೆ ಶಾಲಾ ಸಮವಸ್ತ್ರ ಹೊಲಿದು ಬದುಕಿದವಳು, ತಾಯಿಯಿಲ್ಲದ ಅವನನ್ನು ತಾನೇ ಸಾಕಿದವಳು. ಈಚಿನ ವರ್ಷಗಳಲ್ಲಿ ಅವಳ ದೃಷ್ಟಿ ನಡುವಿನಿಂದ ಕರಗುತ್ತ ಬಂದಿತ್ತು. ಎತ್ತ ನೋಡಿದರೆ ಅತ್ತಲೇ ಒಂದು ಕಪ್ಪು ಮಚ್ಚೆ. ಅಂಚಿನಲ್ಲಿ ಮಾತ್ರ ಬೆಳಕು, ನೆರಳು, ಮಸುಕು ಬಣ್ಣ. ಆದರೂ ಪ್ರತಿ ವಸಂತದಲ್ಲಿ ಊರಿನ ಬೀದಿಗಳಲ್ಲಿ ಯಾವ ಯಾವ ಜಾತಿಯ ಚೆರ್ರಿ ಅರಳಿದೆಯೆಂದು ಹುಡುಕಿಕೊಂಡು ಹೋಗುವ ಹುಚ್ಚು ಅವಳನ್ನು ಬಿಟ್ಟಿರಲಿಲ್ಲ. ಯಸುಹಿಸ ಕೈಹಿಡಿದು ನಡೆಸುತ್ತಿದ್ದ, ಕಂಡದ್ದನ್ನು ಹೇಳುತ್ತಿದ್ದ. ಸವಾಕೊ ಒಮ್ಮೆಯೂ ಜೊತೆಗೆ ಹೋದವಳಲ್ಲ. ಅವಳಿದ್ದದ್ದು ಬಟ್ಟೆ ಒಗೆದು ಇಸ್ತ್ರಿ ಮಾಡಿ ಕೊಡುವ ಅಂಗಡಿಯ ಕೌಂಟರಿನಲ್ಲಿ. ಚಳಿ ಮುಗಿದು ಇಡೀ ಟೋಕಿಯೊ ತನ್ನ ಕೋಟುಗಳನ್ನು ತಂದು ಸುರಿಯುವುದೂ, ಚೆರ್ರಿ ಅರಳುವುದೂ ಒಂದೇ ಕಾಲಕ್ಕೆ.

ಆಗುವುದಿಲ್ಲ ಎನ್ನಲು ಕಾರಣ ಹುಡುಕಬೇಕಿತ್ತು. ಹುಡುಕುವುದಕ್ಕಿಂತ ಹೋಗುವುದೇ ಸುಲಭವೆನಿಸಿತು. ಅವಳು ಶೂ ಹಾಕಿಕೊಂಡಳು.

ಮೂರು ತಿಂಗಳಿಂದ ಎಲ್ಲವೂ ಹಾಗೆಯೇ ನಡೆದಿತ್ತು. ಜನವರಿಯ ಆ ದಿನ ಸ್ನಾನದ ತೊಟ್ಟಿಯಲ್ಲಿ ಕೂತ ಗಂಡ ಮತ್ತೆ ಏಳಲಿಲ್ಲ. ಪಕ್ಕದ ಕೋಣೆಯಲ್ಲಿ ಟಿವಿ ನೋಡುತ್ತಿದ್ದ ಸವಾಕೊ, ಇವತ್ತು ತುಂಬಾ ಹೊತ್ತು ಮಾಡಿದರಲ್ಲ ಅಂದುಕೊಂಡಳು, ಅಷ್ಟೇ. ಆಮೇಲೆ ಆಂಬ್ಯುಲೆನ್ಸ್ ಬಂತು, ಪೊಲೀಸರು ಬಂದರು, ನೆಂಟರು ಬಂದರು. ಚಿತಾಗಾರದಲ್ಲಿ ಉದ್ದದ ಕಡ್ಡಿ ಹಿಡಿದು ಅವನ ಮೂಳೆಗಳನ್ನು ಆಯ್ದು ಕುಡಿಕೆಗೆ ಹಾಕುವಾಗ, ಅನ್ನದ ಕುಕ್ಕರಿನ ಸ್ವಿಚ್ಚು ಆರಿಸಿದೆನೋ ಇಲ್ಲವೋ ಎಂಬ ಯೋಚನೆ ಅವಳ ತಲೆಯಲ್ಲಿ ಸುತ್ತುತ್ತಿತ್ತು. ನೆಂಟರು "ಎಂಥಾ ಗಟ್ಟಿ ಹೆಂಗಸು" ಎಂದರು. ಗಟ್ಟಿಯೂ ಅಲ್ಲ, ಮೆತ್ತಗೂ ಅಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿ ಮರಗಟ್ಟಿಸಿದ ದವಡೆಯ ಹಾಗಿತ್ತು. ಮುಟ್ಟಿದರೆ ಇದೆ ಎಂದು ಗೊತ್ತಾಗುತ್ತದೆ, ತನ್ನದು ಎಂದು ಗೊತ್ತಾಗುವುದಿಲ್ಲ.

ಮಾಚಿಯಾದ ಟ್ರಾಮ್ ನಿಲ್ದಾಣದಲ್ಲಿ ಕಿನು ಆಗಲೇ ಬಂದು ನಿಂತಿದ್ದಳು. ಬೂದು ಟೋಪಿ, ಬೆನ್ನಿಗೊಂದು ಪುಟ್ಟ ಚೀಲ, ಕೈಯಲ್ಲಿ ಕೋಲು.

"ದಾರಿ ನಾನು ಹೇಳ್ತೀನಿ. ವರ್ಷವರ್ಷ ನಡೆದು ಕಾಲಿಗೆ ಬಾಯಿಪಾಠ ಆಗಿದೆ. ಕಾಣೋದನ್ನ ನೀನು ಹೇಳು. ಹಳಿಯ ಗೇಟು ದಾಟಿ ಎಡಕ್ಕೆ ನಡಿ. ಸಾರ್ವಜನಿಕ ಸ್ನಾನದ ಮನೆಯ ಚಿಮಣಿ ಕಾಣತ್ತಾ?"

"ಕಾಣತ್ತೆ."

"ಅದರ ಹಿಂದೆ ಸಣ್ಣ ಪಾರ್ಕು. ಅಲ್ಲಿದೆ ಇಚಿಯೊ."

ಪಾರ್ಕು ನಿಜಕ್ಕೂ ಸಣ್ಣದು. ಆನೆಯಾಕಾರದ ನೀಲಿ ಜಾರುಬಂಡೆ, ಒಂದು ನಲ್ಲಿ, ಎರಡು ಬೆಂಚು. ನಡುವೆ ಮೈತುಂಬ ಹೂಬಿಟ್ಟ ಒಂದು ಮರ. ಕಿನು ಅದರಡಿ ನಿಂತು ಮುಖವನ್ನು ಓರೆ ಮಾಡಿ, ಕಣ್ಣಂಚಿನಿಂದ ಮೇಲೆ ನೋಡಿದಳು.

"ಹೇಳು."

ಸವಾಕೊ ಒಂದು ಗೊಂಚಲನ್ನು ಬೆರಳಲ್ಲಿ ಹಿಡಿದಳು. "ತಿಳಿ ಗುಲಾಬಿ. ಹೊರಗಿನ ದಳದ ತುದಿಯಲ್ಲಿ ಬಣ್ಣ ಜಾಸ್ತಿ, ಒಳಗೆ ಹೋಗ್ತಾ ಬಿಳಿ. ದಳ ಇಪ್ಪತ್ತರ ಮೇಲಿವೆ. ಒಂದು ದಳಕ್ಕೆ ಕಂದು ಕಲೆ, ಉಗುರಿನಷ್ಟು. ನೀರು ನಿಂತು ಆಗಿರ್ಬೇಕು. ಎಲೆ ಹೂವಿನ ಜೊತೆಗೇ ಬಂದಿದೆ."

ಕಿನು ಕೋಲನ್ನು ನೆಲಕ್ಕೆ ಕುಟ್ಟಿದಳು. "ಅಯ್ಯೋ ಮಾರಾಯ್ತಿ! ನಾನು ಹೂವು ಕೇಳಿದ್ರೆ ನೀನು ಕಲೆ ಹೇಳ್ತೀಯಲ್ಲೇ. ಇದೇನು ಒಗೆಯೋಕೆ ಬಂದಿರೋ ಅಂಗೀನಾ?"

"ಇದ್ದದ್ದು ಹೇಳ್ದೆ ಅತ್ತೆ."

"ಸರಿ ಸರಿ. ನಡೂಮಧ್ಯ ನೋಡು. ಹಸಿರು ಎಳೆ ಇರತ್ತೆ, ಪುಟ್ಟ ಎಲೆ ಸುತ್ತಿಟ್ಟ ಹಾಗೆ. ಎಷ್ಟಿದೆ?"

"ಒಂದು."

"ಹಾಂ! ಒಂದಿದ್ರೆ ಇಚಿಯೊ, ಒಂಟೆಲೆ. ಎರಡಿದ್ರೆ ಫುಗೆಂಜೊ. ಅದು ಇಲ್ಲಿಲ್ಲ, ದೂರ ನಡೀಬೇಕು. ಅದಕ್ಕೂ ಆಚೆ ಉಕೊನ್. ಹೆಸರೇ ಅರಿಸಿನ ಅಂತ. ಹಳದಿ ಚೆರ್ರಿ ಕಣೆ! ಯಸು ಅದನ್ನ ಹುಡುಕಿದ ವರ್ಷ ನಾನು ಮನೇಗೆ ಬಂದು ಹಬ್ಬಕ್ಕೆ ಮಾಡೋ ಕೆಂಪು ಕಾಳಿನ ಅನ್ನ ಮಾಡ್ದೆ."

ನಡಿಗೆಯ ನಡುವೆ ಒಂದು ವಿಶ್ರಾಂತಿಯಿತ್ತು. ಅದೂ ಯಸುಹಿಸ ಹಾಕಿಕೊಟ್ಟ ಪದ್ಧತಿಯೇ. ಮಾಂಸದಂಗಡಿಯೊಂದರ ಮುಂದೆ ಉದ್ದದ ಬೆಂಚು, ಒಳಗೆ ಬಾಣಲೆಯಲ್ಲಿ ಕೊರೊಕ್ಕೆ ಕರಿಯುವ ಚುರುಚುರು ಸದ್ದು, ಬೆಂದ ಆಲೂಗಡ್ಡೆಯ ವಾಸನೆ. ಅಂಗಡಿಯಾಕೆ ಇವರನ್ನು ಕಂಡವಳೇ ಜಾಲರಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಅಜ್ಜಿ ಬಂದ್ರು! ಬೂದು ಟೋಪಿ ಕಂಡ ಕೂಡ್ಲೇ ಅಂದ್ಕೊಂಡೆ, ಒಂಟೆಲೆ ಅರಳಿರ್ಬೇಕು ಅಂತ. ಎಲ್ಲಿ ನಿಮ್ಮ ಸಾರಥಿ? ಅವರ ಬಿಯರ್ ತಣ್ಣಗೆ ಕಾಯ್ತಿದೆ."

ಸವಾಕೊ ಹೇಳಿದಳು, "ಅವರು ಜನವರಿಯಲ್ಲಿ ತೀರಿಕೊಂಡ್ರು. ನಾನು ಅವರ ಹೆಂಡತಿ." ಕೋಟು ಗುರುವಾರ ಸಿಗುತ್ತದೆ ಎಂದು ಗಿರಾಕಿಗೆ ಹೇಳುವ ದನಿಯೇ ಅದಾಗಿತ್ತು.

ಅಂಗಡಿಯಾಕೆ ಸೌಟನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಳು. ಅವಳ ಕಣ್ಣಿಂದ ನೀರು ಇಳಿಯತೊಡಗಿತು. ಸವಾಕೊ ಕರವಸ್ತ್ರ ತೆಗೆದು ಕೊಟ್ಟಳು.

"ಎಷ್ಟು ನಗಿಸ್ತಿದ್ರಮ್ಮ ನಿಮ್ಮೆಜಮಾನ್ರು! ಇದೇ ಬೆಂಚಲ್ಲಿ ಕೂತು, ಒಂದು ಗಂಟೆ, ಒಂದೂವರೆ ಗಂಟೆ... ನನ್ನ ಗಂಡ ಒಳಗಿಂದ ಚಾಕು ಬಿಟ್ಟು ಬಂದು ಕೇಳ್ತಿದ್ದ."

"ನಗಿಸ್ತಿದ್ರಾ?"

"ಹೊಟ್ಟೆ ಹಿಡ್ಕೊಂಡು ನಗ್ಬೇಕು."

ಸವಾಕೊ ಕೊರೊಕ್ಕೆ ಕಚ್ಚಿದಳು. ನಾಲಿಗೆ ಸುಟ್ಟಿತು. ಮನೆಯಲ್ಲಿ ಯಸುಹಿಸನ ಮಾತು ಸಾರು ಚೆನ್ನಾಗಿದೆ, ನಾಳೆ ಮಳೆಯಂತೆ, ದೀಪ ಆರಿಸಲಾ ಎಂಬಷ್ಟರಲ್ಲಿ ಮುಗಿಯುತ್ತಿತ್ತು. ಅದರಲ್ಲಿ ಕೊರತೆಯೆನ್ನುವಂಥದ್ದು ಅವಳಿಗೆ ಕಂಡಿರಲೂ ಇಲ್ಲ.

ಬೆಂಚಿನಿಂದ ಎದ್ದ ಮೇಲೆ ಕಿನು ಮತ್ತೆ ದಾರಿ ಹೇಳತೊಡಗಿದಳು. ಅಂಚೆಪೆಟ್ಟಿಗೆಯ ಹತ್ತಿರ ಬಲಕ್ಕೆ. ಕ್ಷೌರದಂಗಡಿಯ ಹತ್ತಿರ ಬಲಕ್ಕೆ. ಅಕ್ಕಿ ಬಿಸ್ಕತ್ತಿನ ವಾಸನೆ ಬಂದ ಕಡೆ ಇನ್ನೊಮ್ಮೆ ಬಲಕ್ಕೆ. ಸವಾಕೊ ಹೇಳಿದಲ್ಲಿ ತಿರುಗಿದಳು. ಎಲ್ಲಿಗೆ ಹೋಗುತ್ತಿದ್ದೇವೆಂದು ಯೋಚಿಸುವ ಅಭ್ಯಾಸ ಅವಳಿಗೆ ಈಗ ತಪ್ಪಿಹೋಗಿತ್ತು. ಕೊನೆಗೆ ಒಂದು ಕಬ್ಬಿಣದ ಗೇಟು, ನಾಲ್ಕು ಮೆಟ್ಟಿಲು.

"ಬಂತು," ಎಂದಳು ಕಿನು, ಏದುಸಿರು ಬಿಡುತ್ತ. "ಫುಗೆಂಜೊ. ನೋಡು, ಎರಡು ಎಳೆ ಇರತ್ತೆ. ಆನೆಯ ದಂತದ ಹಾಗೆ ಬಾಗಿರತ್ತೆ ಅಂತಿದ್ದ."

ಸವಾಕೊ ಹೂವನ್ನು ಬಿಡಿಸಿ ನೋಡಿದಳು. ಒಂದು. ಇನ್ನೊಂದು ಹೂವು ನೋಡಿದಳು. ಅದರಲ್ಲೂ ಒಂದೇ. ಮೂರನೆಯದರ ಹೊರದಳದ ಮೇಲೆ ಉಗುರಿನಷ್ಟು ಕಂದು ಕಲೆ. ಅವಳು ತಲೆಯೆತ್ತಿದಳು. ಮರದ ಆಚೆಗೆ ನೀಲಿ ಆನೆ ಬೆನ್ನು ತಿರುಗಿಸಿ ನಿಂತಿತ್ತು.

ಬೇರೆ ಯಾರಾದರೂ ಆಗಿದ್ದರೆ ಒಂದು ಕ್ಷಣ ತಡೆದು, ಮುದುಕಿಯ ಮುಖ ನೋಡಿ, ಎರಡಿದೆ ಅತ್ತೆ ಎನ್ನುತ್ತಿದ್ದರೋ ಏನೋ. ಸವಾಕೊಗೆ ಅದು ಹೊಳೆಯಲಿಲ್ಲ.

"ಒಂದೇ ಇದೆ ಅತ್ತೆ. ಇದು ಫುಗೆಂಜೊ ಅಲ್ಲ. ಬೆಳಿಗ್ಗೆ ನೋಡಿದ್ವಲ್ಲ, ಅದೇ ಮರ. ಇದು ಪಾರ್ಕಿನ ಹಿಂದಿನ ಗೇಟು."

ಒಂದು ಹೆಂಗಸು ಕೂಸಿನ ಗಾಡಿ ತಳ್ಳಿಕೊಂಡು ಬಂದು, ಹೂವಿನ ಫೋಟೊ ತೆಗೆದುಕೊಂಡು ಹೋದಳು.

"ಉಕೊನ್ ಹತ್ತಿರ ನಡಿ," ಎಂದಳು ಕಿನು.

ಅದು ದೂರವಿರಲಿಲ್ಲ. ಸ್ನಾನದ ಮನೆಯ ಹಿಂಬದಿಯ ಓಣಿಯಲ್ಲಿ ಎದೆಯೆತ್ತರದ ಸಿಮೆಂಟು ಗೋಡೆ. ಕಿನು ಅದನ್ನು ಅಂಗೈಯಲ್ಲಿ ಸವರಿ ಗುರುತು ಹಿಡಿದಳು. "ಇದೇ. ಯಾರದ್ದೋ ಮನೆ ಅಂಗಳ, ಒಳಗೆ ಹೋಗೋ ಹಾಗಿಲ್ಲ ಅಂತ ಇಲ್ಲೇ ನಿಲ್ಲಿಸ್ತಿದ್ದ. ನನಗೂ ಕಾಣತ್ತೆ ನೋಡು. ಅಲ್ಲಿ ಹಳದಿ ಹಸಿರು. ಕಾಣತ್ತೆ ತಾನೆ?"

ಗೋಡೆಯಾಚೆ ಒಂದು ಸೈಕಲ್ ಕೊಟ್ಟಿಗೆ. ಅದರ ಮೇಲೆ ಇಳಿಬಿಟ್ಟ ಪ್ಲಾಸ್ಟಿಕ್ ತಾಡಪಾಲು ಬಿಸಿಲಿಗೆ ಬಣ್ಣ ಮಾಸಿ ಹಳದಿಯೂ ಅಲ್ಲದ, ಹಸಿರೂ ಅಲ್ಲದ ರೂಪಕ್ಕೆ ಬಂದಿತ್ತು. ಗಾಳಿಗೆ ಉಬ್ಬಿ, ಇಳಿಯುತ್ತಿತ್ತು.

"ಅದು ತಾಡಪಾಲು ಅತ್ತೆ. ಸೈಕಲ್ ಮೇಲೆ ಹೊದಿಸಿದಾರೆ. ಮರ ಇಲ್ಲ."

"ಕಡಿದಿರ್ಬೇಕು."

"ಬೊಡ್ಡೇನೂ ಇಲ್ಲ. ಪೂರ್ತಿ ಸಿಮೆಂಟ್ ನೆಲ. ಹಳೇದು, ಬಿರುಕು ಬಿಟ್ಟಿದೆ."

ಅಷ್ಟರಲ್ಲಿ ಕೊಟ್ಟಿಗೆಯ ಹಿಂದಿನಿಂದ ಬನಿಯನ್ ತೊಟ್ಟ ಮುದುಕನೊಬ್ಬ ತಲೆ ಹೊರಹಾಕಿದ. "ಏನಮ್ಮಾ, ಯಾರು ಬೇಕಿತ್ತು?"

"ನಿಮ್ಮನೆ ಚೆರ್ರಿ ನೋಡೋಕೆ ಬಂದ್ವಿ," ಎಂದಳು ಕಿನು ಬಿಗುವಾಗಿ.

"ಯಾವ ಚೆರ್ರಿ? ನಾನು ಹುಟ್ಟಿದಾಗಿಂದ ಇಲ್ಲೇ ಇದೀನಿ. ಇಲ್ಲಿ ಹುಲ್ಲೂ ಬೆಳೆಯಲ್ಲ." ಆಮೇಲೆ ಏನೋ ನೆನಪಾದವನಂತೆ, "ಓ, ಪ್ರತಿ ವರ್ಷ ಬಂದು ನನ್ನ ಸೈಕಲ್ಲಿಗೆ ತಲೆಬಾಗಿ ನಮಸ್ಕಾರ ಮಾಡಿ ಹೋಗೋರು ನೀವೇನಾ? ನನ್ನ ಸೊಸೆ ಅದ್ಯಾವುದೋ ಹೊಸ ಪಂಥದೋರು ಅಂತಿದ್ಲು."

ಅವನು ಒಳಗೆ ಹೋದ. ಕಿನುವಿನ ಕಿವಿ ಕೆಂಪಾದವು. ಅವಳು ಕೋಲೆತ್ತಿ ಗೋಡೆಗೆ ಬಾರಿಸಿದಳು.

"ಕಳ್ಳ! ಸೋಮಾರಿ ಕತ್ತೆ! ಮೈಗಳ್ಳ! ಚಿಕ್ಕಂದಿನಲ್ಲೂ ಹಿಂಗೇ, ಹಲ್ಲು ಉಜ್ಜಿದೆ ಅಂತ ಬ್ರಶ್ಶು ಒದ್ದೆ ಮಾಡಿ ಇಡ್ತಿದ್ದ. ನದಿ ದಂಡೆ ಮೇಲೆ ಉಕೊನ್ ಇದೆ ಕರ್ಕೊಂಡ್ ಹೋಗೋ ಅಂತ ಮೊದಲ್ನೇ ವರ್ಷ ಕೇಳ್ದೆ. ಎರಡು ಬಸ್ ಹಿಡೀಬೇಕು, ಅಷ್ಟು ದೂರ ಯಾಕೆ, ಇಲ್ಲೇ ಒಂದು ಹುಡುಕಿದೀನಿ ಅಂದ. ಒಂದೇ ಮರ ಸುತ್ತಿಸಿದಾನೆ, ಬಿಯರ್ ಕುಡಿಯೋಕೆ, ಹರಟೆ ಹೊಡಿಯೋಕೆ! ಬಾರೋ ಇಲ್ಲಿ, ನಿನ್ನ ಕಿವಿ ಹಿಂಡ್ತೀನಿ!"

ಸವಾಕೊ ಅತ್ತೆಯನ್ನೇ ನೋಡಿದಳು. ಜನವರಿಯಿಂದ ಯಾರೂ ಯಸುಹಿಸನನ್ನು ಬೈದಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಸಾಧು, ತಾಳ್ಮೆಯವನು, ಪುಣ್ಯಾತ್ಮ. ಫೋಟೊದಲ್ಲಿ ಟೈ ಕಟ್ಟಿಕೊಂಡ ಆ ಪುಣ್ಯಾತ್ಮನ ಮುಂದೆ ದಿನಾ ಬೆಳಿಗ್ಗೆ ಅವಳು ಅನ್ನವಿಟ್ಟು ಗಂಟೆ ಬಾರಿಸುತ್ತಿದ್ದಳು. ಅವನ ಪರಿಚಯ ಅವಳಿಗೆ ಅಷ್ಟಾಗಿ ಇದ್ದಂತಿರಲಿಲ್ಲ. ಈಗ ಅತ್ತೆ ಕಿವಿ ಹಿಂಡಲು ಕರೆಯುತ್ತಿದ್ದ ಮನುಷ್ಯನನ್ನು ಮಾತ್ರ ಎಲ್ಲೋ ನೋಡಿದ ಹಾಗಿತ್ತು.

"ಕಾಲು ಒತ್ತಿದೀನಿ," ಎಂದಳು ಅವಳು.

"ಏನು?"

"ಇಲ್ಲಿಂದ ಮನೇಗೆ ಬಂದು, ಅಬ್ಬಾ ಎಷ್ಟು ನಡೆದ್ವಿ ಅಂತ ಬಿದ್ಕೋತಿದ್ರು. ಮೀನಖಂಡ ಹಿಡ್ಕೊಂಡಿದೆ ಅಂತಿದ್ರು. ನಾನು ಇಡೀ ವಾರ ಕೌಂಟರಲ್ಲಿ ನಿಂತವಳು ಕೂತು ಅವರ ಕಾಲು ಒತ್ತಿದೀನಿ ಅತ್ತೆ. ಪ್ರತಿ ವರ್ಷ. ಮುಲಾಮು ಹಚ್ಚಿ."

ಕಿನುವಿನ ಕೋಲು ಗಾಳಿಯಲ್ಲೇ ನಿಂತಿತು. "ಮುಲಾಮು ಬೇರೆ ಹಚ್ಚಿದ್ಯಾ?"

"ಪುದೀನ ವಾಸನೇದು. ದುಬಾರಿ."

ಕಿನುವಿನ ಗಂಟಲಲ್ಲಿ ಒಂದು ಸದ್ದು ಹುಟ್ಟಿತು. ಅದು ಅಳುವಾಗಿ ಹೊರಟು ದಾರಿಯಲ್ಲಿ ನಗುವಾಯಿತು. ಅವಳು ಗೋಡೆಗೆ ಒರಗಿ, ಟೋಪಿ ಜಾರುವಷ್ಟು ನಕ್ಕಳು. ಸವಾಕೊಗೆ ನಗು ಬರಲಿಲ್ಲ. ಆದರೆ ಎದೆಯ ಕೆಳಗೆ ಎಲ್ಲೋ ಸಣ್ಣಗೆ ಬಿಸಿಯಾಯಿತು. ಅದು ಕೋಪ ಎಂದು ಅರಿವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಆ ಎರಡು ಬಸ್ಸು ಎಲ್ಲಿ ಸಿಗತ್ತೆ ಅತ್ತೆ?" ಎಂದು ಕೇಳಿದಳು.

ನದಿ ದಂಡೆಗೆ ಹೋಗಿ ಸೇರುವಾಗ ಮಧ್ಯಾಹ್ನ ಇಳಿದಿತ್ತು. ಅರಾಕವಾ ನದಿ ಅಗಲವಾಗಿ, ಸಪ್ಪೆಯಾಗಿ ಹರಿಯುತ್ತಿತ್ತು. ಆಚೆ ದಡದ ಮೇಲೆ ಹೆದ್ದಾರಿಯ ಲಾರಿಗಳ ಮೊರೆತ. ದಂಡೆಯುದ್ದಕ್ಕೂ ಸಾಲಾಗಿ ನೆಟ್ಟ ಮರಗಳಿಗೆ ಒಂದೊಂದು ಹೆಸರಿನ ಫಲಕವಿತ್ತು. ಸವಾಕೊ ಒಂದೊಂದನ್ನೇ ಓದುತ್ತ ನಡೆದಳು. ಕಿನು ಕೋಟಿನ ತೋಳು ಹಿಡಿದು ಹಿಂದೆಯೇ ಬಂದಳು. ಅವಳ ಹೆಜ್ಜೆ ಸೋಲುತ್ತಿತ್ತು.

"ಉಕೊನ್. ಇಲ್ಲಿದೆ."

"ನಿಜವಾಗ್ಲೂ?"

"ಫಲಕ ಇದೆ. ಮರಾನೂ ಇದೆ."

"ಹೇಳು ಮತ್ತೆ."

ಸವಾಕೊ ನೋಡಿದಳು. "ಎಲೆಕೋಸು ಕೊಯ್ದರೆ ಒಳಗಡೆ ಎಳೆ ಎಲೆ ಇರತ್ತಲ್ಲ, ಆ ಬಣ್ಣ. ದಳ ಹತ್ತು ಹದಿನೈದು ಇರ್ಬಹುದು. ಎಲೆ ತಾಮ್ರದ ಥರ. ದೂರದಿಂದ ನೋಡಿದ್ರೆ ಹೂವು ಬಿಟ್ಟಿದೆ ಅಂತಾನೇ ಗೊತ್ತಾಗಲ್ಲ."

"ಹಳದಿ ಇಲ್ವಾ?"

"ಸ್ವಲ್ಪ."

ಕಿನು ಕೈ ಚಾಚಿದಳು. ಸವಾಕೊ ತಗ್ಗಿನ ಕೊಂಬೆಯೊಂದನ್ನು ಬಗ್ಗಿಸಿ ಹಿಡಿದಳು. ಮುದುಕಿ ಹೂವನ್ನು ಬೆರಳಲ್ಲಿ ತಡವಿದಳು, ಮೂಗಿಗೆ ತಂದಳು, ಕೊನೆಗೆ ತುಟಿಗೆ ಮುಟ್ಟಿಸಿದಳು.

"ಇಷ್ಟೇನಾ?"

"ಇಷ್ಟೇ."

"ಅವನು ಹೇಳಿದ್ದು ಹೀಗಿರ್ಲಿಲ್ಲ ಕಣೆ."

"ಹೇಗೆ ಹೇಳ್ತಿದ್ರು?"

ಕಿನು ಹುಲ್ಲಿನ ಮೇಲೆ ಕೂತಳು, ಕಾಲು ನೀಡಿದಳು. "ಚಳಿಗಾಲದ ಬೆಳಗಿನ ಜಾವ ಯಾರೋ ಮನೆಯೊಳಗೆ ದೀಪ ಹಚ್ಚಿದಾರೆ. ನೀನು ಹೊರಗೆ ಬೀದೀಲಿ ಇದೀಯ. ಕಾಗದದ ಕಿಟಕಿ ಮುಚ್ಚಿದೆ. ಒಳಗೆ ಯಾರೋ ಎದ್ದಿದಾರೆ ಅಂತ ಅಷ್ಟೇ ಗೊತ್ತಾಗತ್ತೆ. ಆ ಬಣ್ಣ ಅತ್ತೆ, ಅಂತಿದ್ದ."

ಸವಾಕೊ ಕೊಂಬೆಯನ್ನು ಬಿಟ್ಟಳು. ಅದು ಮೇಲಕ್ಕೆ ಚಿಮ್ಮಿ ಕೆಲವು ದಳ ಉದುರಿಸಿತು. ಇಪ್ಪತ್ತೈದು ವರ್ಷ ಪಕ್ಕದಲ್ಲಿ ಮಲಗಿದ್ದ ಮನುಷ್ಯನ ಬಾಯಲ್ಲಿ ಆ ಮಾತನ್ನು ಇಟ್ಟು ನೋಡಿದಳು. ಕೂರಲಿಲ್ಲ. ಅಂಥ ಮಾತು ಇದ್ದದ್ದು ಹೌದಾದರೆ ತನಗೆ ಒಂದಾದರೂ ಯಾಕೆ ಹೇಳಲಿಲ್ಲ? ತಾಡಪಾಲು ನೋಡಿ ಹಾಗೆ ಹೇಳಬಲ್ಲವನಿಗೆ ಸಾರಿನ ಬಗ್ಗೆ ಹೇಳಲು ಚೆನ್ನಾಗಿದೆ ಎಂಬ ಒಂದೇ ಮಾತಿತ್ತೆ? ಮರದ ಕಡೆ ಮತ್ತೆ ನೋಡಿದಳು. ಎಲೆಕೋಸಿನ ಬಣ್ಣವೇ ಕಂಡಿತು.

"ಕೆಲವು ಹೂವಿನ ನಡುವೆ ಕೆಂಪಾಗಿದೆ ಅತ್ತೆ," ಎಂದಳು. "ಹೊಸ ಹೂವಲ್ಲಿ ಇಲ್ಲ. ಹಳೇದರಲ್ಲಿ ಮಾತ್ರ. ಉದುರೋ ಮುಂಚೆ ಕೆಂಪಗಾಗತ್ತೆ ಅನ್ಸತ್ತೆ."

"ಹೌದಾ? ಅದು ಅವನು ಹೇಳ್ಲೇ ಇಲ್ಲ."

"ತಾಡಪಾಲು ಕೆಂಪಗಾಗಲ್ಲವಲ್ಲ."

ಕಿನು ಅವಳ ದನಿಯ ಕಡೆ ಮುಖ ತಿರುಗಿಸಿ, ಅವಳನ್ನು ನೋಡಲೆಂದೇ ಕಣ್ಣನ್ನು ಬೇರೆ ಕಡೆ ಹಾಯಿಸಿದಳು. "ನಿನಗೆ ಕೋಪ ಬಂದಿದೆ."

"ಬಂದಿದೆ."

"ಬರ್ಲಿ. ನನಗಿನ್ನೂ ಇಳಿದಿಲ್ಲ."

ಕಿನುವಿನ ಚೀಲದಲ್ಲಿದ್ದ ಅನ್ನದುಂಡೆಗಳನ್ನು ಇಬ್ಬರೂ ತಿಂದರು. ಉಪ್ಪು ಹೆಚ್ಚಾಗಿತ್ತು. ಸವಾಕೊ ಅದನ್ನೂ ಹೇಳಿದಳು. ಕಿನು, "ಮುಂದಿನ ಸಲದಿಂದ ನೀನೇ ಮಾಡಿ ತಾ," ಎಂದಳು.

ಅಂದು ಮನೆಗೆ ಬಂದ ಸವಾಕೊ ಕೋಟು ಕೂಡ ಬಿಚ್ಚದೆ ಚಾಪೆಯ ಮೇಲೆ ಒರಗಿದವಳು ಹಾಗೇ ನಿದ್ದೆ ಹೋದಳು. ಎಚ್ಚರವಾದದ್ದು ಮರುದಿನ ಅಂಗಡಿಯ ಯಜಮಾನ ಫೋನು ಮಾಡಿ, "ಹುಷಾರಿಲ್ವಾ?" ಎಂದು ಕೇಳಿದಾಗ. ಹುಷಾರಾಗಿದೀನಿ, ಮಲಗಿಬಿಟ್ಟೆ ಎಂದಳು. ನಿಜ ಅಷ್ಟೇ ಇತ್ತು. ಗಂಡನ ಫೋಟೊದ ಮುಂದೆ ಆ ದಿನ ಅನ್ನ ಇಡಲಿಲ್ಲ. ಹೊತ್ತಾಯಿತು ಎಂಬುದು ಒಂದು ಕಾರಣ. ಮರುದಿನವೂ ಇಡಲಿಲ್ಲ, ಅದಕ್ಕೆ ಆ ಕಾರಣವಿರಲಿಲ್ಲ. ಮೂರನೆಯ ದಿನ ಇಟ್ಟಳು.

ಅದರ ಮುಂದಿನ ಭಾನುವಾರ ಅವರು ನಿಜವಾದ ಫುಗೆಂಜೊ ಹುಡುಕಿ ಹೋದರು. ಸಿಕ್ಕಿತು, ಎರಡು ಎಳೆಯಿದ್ದವು. ತಿಂಗಳ ಕೊನೆಗೆ ನೂರಾರು ದಳದ ಕಿಕುಜಾಕುರಾ ಹುಡುಕಿದರು, ಅದು ಸಿಗಲಿಲ್ಲ. ಸವಾಕೊ ಎಲ್ಲವನ್ನೂ ಕಲೆ, ಅಳತೆ, ಬಣ್ಣಗಳಲ್ಲೇ ಹೇಳಿದಳು. ಕಿನು ಗೊಣಗಿದಳು, ಗೊಣಗುತ್ತಲೇ ಕೇಳಿಸಿಕೊಂಡಳು. ಹೂವೆಂದರೆ ಸವಾಕೊಗೆ ಅಷ್ಟೇನೂ ಪ್ರೀತಿ ಹುಟ್ಟಲಿಲ್ಲ.

ಮಳೆಗಾಲದಲ್ಲಿ ಒಂದು ಸಂಜೆ ಸೂಪರ್‌ಮಾರ್ಕೆಟ್ಟಿನ ಸಾಲಿನಲ್ಲಿ ನಿಂತಿದ್ದಾಗ ಮುಂದಿದ್ದ ಗಂಡಸಿನ ಕೊಡೆಯಿಂದ ನೀರು ತೊಟ್ಟಿಕ್ಕಿ ಅವಳ ಶೂ ನೆನೆಯಿತು. ಅವನು ಗಮನಿಸಿ, ತಲೆಬಾಗಿಸಿ, "ಕ್ಷಮಿಸಿ, ಕಾಲು ಒದ್ದೆಯಾಯ್ತಾ?" ಎಂದ. ಅಷ್ಟಕ್ಕೇ ಸವಾಕೊ ಬುಟ್ಟಿಯನ್ನು ನೆಲಕ್ಕೆ ಕುಕ್ಕಿ ಜೋರಾಗಿ ಅಳತೊಡಗಿದಳು. ನಿಲ್ಲಿಸಲು ಆಗಲಿಲ್ಲ. ಆ ಗಂಡಸು ಹೌಹಾರಿ ತನ್ನ ಕರವಸ್ತ್ರ, ಆಮೇಲೆ ಕೊಡೆ, ಆಮೇಲೆ ತಾನು ಕೊಂಡಿದ್ದ ಟೋಫುವಿನ ಪೊಟ್ಟಣ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಅವಳ ಮುಂದೆ ಚಾಚಿದ.

ಅದನ್ನು ಅವಳು ಫೋನಿನಲ್ಲಿ ಕಿನುಗೆ ಹೇಳಿದಳು.

"ಅಯ್ಯೋ ಪಾಪ," ಎಂದಳು ಕಿನು.

"ಈಗ ಸರಿಹೋಗಿದೀನಿ ಅತ್ತೆ."

"ನಿನಗಲ್ವೇ, ಆ ಮನುಷ್ಯನಿಗೆ. ಟೋಫು ಇಸ್ಕೊಂಡ್ಯಾ?"

"ಇಸ್ಕೊಂಡೆ."

"ಒಳ್ಳೇದಾಯ್ತು," ಎಂದಳು ಕಿನು. "ಶುಂಠಿ ತುರಿದು ಹಾಕ್ಕೊಂಡು ತಿನ್ನು."